ಹೆಂಗಸರ ಮಧ್ಯಾಹ್ನದ ಗಸ್ತು

ಕಳ್ಳನನ್ನು ಹಿಡಿಯಲು ಹೊರಟವರ ಕೈಗೆ ಕಳ್ಳನೊಬ್ಬನನ್ನು ಬಿಟ್ಟು ಊರವರೆಲ್ಲ ಸಿಕ್ಕಿಬೀಳುತ್ತಾರೆ. ಇದು ನನ್ನ ಅನುಭವದ ಮಾತು.

ಎಂಬತ್ತರ ದಶಕದ ಶುರುವಿನಲ್ಲಿ ನಾವು ಪೀಣ್ಯದ ಕಾರ್ಖಾನೆಗಳ ಹಿಂದೆ, ಲಗ್ಗೆರೆಗೆ ಹೋಗುವ ಮಣ್ಣುದಾರಿಯ ಪಕ್ಕದ ಬೀದಿಯಲ್ಲಿದ್ದೆವು. ಹಿತ್ತಲಾಚೆ ರಾಗಿ ಹೊಲ. ಈಚೆ ಕಾರ್ಖಾನೆಯ ಸೈರನ್ ಕೂಗಿತೆಂದರೆ ಬೀದಿಯಲ್ಲಿ ಒಬ್ಬ ಗಂಡಸೂ ಉಳಿಯುತ್ತಿರಲಿಲ್ಲ. ಅದನ್ನು ನೋಡಿಕೊಂಡೇ ಯಾರೋ ಹಗಲುಗಳ್ಳತನ ಶುರುಮಾಡಿದರು. ಒಂದು ಮನೆಯಲ್ಲಿ ರೇಡಿಯೋ ಹೋಯಿತು, ಇನ್ನೊಂದರಲ್ಲಿ ತಾಮ್ರದ ಹಂಡೆ.

ಎಲ್ಲರಿಗಿಂತ ಹೆಚ್ಚು ಹೆದರಿದವರು ನಮ್ಮ ಎದುರುಮನೆ ಅಕ್ಕ. ಮಗಳ ಮದುವೆಗೆಂದು ಹೊಟ್ಟೆ ಬಟ್ಟೆ ಕಟ್ಟಿ ಮಾಡಿಸಿದ ಬಳೆ, ಸರ ಎಲ್ಲ ಅವರ ಬೀರುವಿನಲ್ಲೇ ಇದ್ದವು. "ಇವು ಹೋದ್ರೆ ನನ್ನ ಮಗಳ ಮದುವೇನೂ ಹೋದ ಹಾಗೇ ಕಣ್ರೀ" ಎಂದು ಅವರು ಕಣ್ಣೊರೆಸಿಕೊಂಡರು. ಬೀದಿಯವರೆಲ್ಲ ಸೇರಿ ಪೊಲೀಸ್ ಠಾಣೆಗೆ ಹೋದದ್ದು ಅವರಿಗಾಗಿಯೇ.

ಅಧ್ಯಕ್ಷರು

ಭಾನುವಾರ ಇನ್ಸ್‌ಪೆಕ್ಟರು ನಮ್ಮ ಬೀದಿಗೇ ಬಂದರು. ಅಷ್ಟರಲ್ಲಿ ಗಂಡಸರು ಕಾವಲು ಸಮಿತಿ ಮಾಡಿ, ನಮ್ಮ ಯಜಮಾನರನ್ನು ಅಧ್ಯಕ್ಷರನ್ನಾಗಿ ಆರಿಸಿ, ಭಾಷಣವನ್ನೂ ಮುಗಿಸಿದ್ದರು. ಇನ್ಸ್‌ಪೆಕ್ಟರು ಎಲ್ಲ ಕೇಳಿಸಿಕೊಂಡು, "ಕಳ್ಳತನ ಆಗ್ತಿರೋದು ಮಧ್ಯಾಹ್ನ. ಆಗ ನಿಮ್ಮಲ್ಲಿ ಯಾರು ಮನೇಲಿರ್ತೀರಿ?" ಎಂದರು.

ಇನ್ಸ್‌ಪೆಕ್ಟರು ತಂದಿದ್ದ ಸೀಟಿಗಳನ್ನೆಲ್ಲ ಬಾಗಿಲ ಸಂದಿಯಿಂದ ಇಣುಕುತ್ತಿದ್ದ ನಮ್ಮ ಕೈಗೆ ಹಂಚಿಬಿಟ್ಟರು.

"ಹಾಗಾದ್ರೆ ನಾವೇನ್ ಮಾಡೋದು ಸಾರ್?" ಅಂದರು ನಮ್ಮ ಯಜಮಾನರು.

"ನೀವು ಅಧ್ಯಕ್ಷರಲ್ವಾ ಸಾರ್? ನೀವೇನೂ ಮಾಡೋ ಹಾಗಿಲ್ಲ."

ಸೀಟಿ

ಹೊಸಬರು ಕಂಡರೆ ಸೀಟಿ ಊದಬೇಕು, ಕೇಳಿದವರೆಲ್ಲ ಓಡಿಬರಬೇಕು. ಇದು ನಿಯಮ. ಆದರೆ ನಾನು ಸೀಟಿ ಬಾಯಿಗಿಡುವ ಮೊದಲೇ ನಮ್ಮತ್ತೆ, "ಸೊಸೆ ಬೀದೀಲಿ ನಿಂತು ಸೀಟಿ ಊದೋದಾ? ಮಾನ ಮರ್ಯಾದೆ ಬೇಡ್ವಾ?" ಎಂದು ಕಿತ್ತುಕೊಂಡು ತಮ್ಮ ಕೊರಳಿಗೇ ಹಾಕಿಕೊಂಡರು. ಹುರುಪಾದರೂ ಏನು! ಬೆಕ್ಕು ಅಡ್ಡಬಂದರೂ ಊದುತ್ತಿದ್ದರು.

ಒಂದು ದಿನ ಕರೆಂಟ್ ಮೀಟರ್ ನೋಡುವ ಹೊಸ ಹುಡುಗ ಬಂದ. ಅತ್ತೆ ಊದಿದರು. ನಾವು ಲಟ್ಟಣಿಗೆ, ಸೌಟು, ಪೊರಕೆ ಹಿಡಿದು ನಾಲ್ಕೂ ಕಡೆಯಿಂದ ನುಗ್ಗಿದೆವು. ಅವನು ಕಾಂಪೌಂಡ್ ಹಾರಿ ರಾಗಿ ಹೊಲದಲ್ಲಿ ಮಾಯವಾದ. ಆಮೇಲೆ ತಿಂಗಳು ತಿಂಗಳೂ ಬೀದಿಯ ತುದಿಯಲ್ಲೇ ನಿಂತು, ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು, "ಮೇಡಂ, ನಿಮ್ಮತ್ತೆ ಮಲಗಿದಾರಾ? ಬರ್ಲಾ?" ಎಂದು ಕೂಗುತ್ತಿದ್ದ.

ದಾರಿಹೋಕರು ನನ್ನನ್ನು ಏನೆಂದುಕೊಂಡರೋ ದೇವರೇ ಬಲ್ಲ.

ಕೋಡುಬಳೆ

ನಮ್ಮ ನೆರವಿಗೆಂದು ಠಾಣೆಯಿಂದ ವಯಸ್ಸಾದ ಕಾನ್‌ಸ್ಟೆಬಲ್ ಒಬ್ಬರು ದಿನಾ ಮಧ್ಯಾಹ್ನ ಸೈಕಲ್ಲಿನಲ್ಲಿ ಬರುತ್ತಿದ್ದರು. ಬಿಸಿಲಲ್ಲಿ ಬಂದವರನ್ನು ಹಾಗೇ ಕಳಿಸಲಾದೀತೇ? ಒಂದು ಮನೆಯಲ್ಲಿ ಕಾಫಿ, ಮುಂದಿನ ಮನೆಯಲ್ಲಿ ಕೋಡುಬಳೆ. ಅರ್ಧ ಬೀದಿಯ ಮನೆಗಳನ್ನು ನಮಗೆಲ್ಲ ಬಾಡಿಗೆಗೆ ಕೊಟ್ಟಿದ್ದ ಓನರ್ ಅಜ್ಜಿಯಂತೂ, "ಪೊಲೀಸ್ನೋರ್ಗೂ ಒಟ್ಟೆ ಇಲ್ವೇನವ್ವಾ" ಎಂದು ಮುದ್ದೆಗೇ ಕೂರಿಸಿಬಿಡುತ್ತಿದ್ದರು. ಈಗ ಪಕ್ಕದ ಮನೆಯವರ ಮುಖವೇ ಗೊತ್ತಿಲ್ಲದ ಕಾಲದಲ್ಲಿ ಕೂತು ಆ ದಿನಗಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಆದರೂ ಒಮ್ಮೆ ಎದುರುಮನೆ ಅಕ್ಕ ಕಳವಳ ತಡೆಯಲಾರದೆ, "ಆ ಕಳ್ಳನ್ನ ಬೇಗ ಹಿಡೀರಿ ಸಾರ್" ಅಂದರು.

ಕಾನ್‌ಸ್ಟೆಬಲ್ ಇನ್ನೊಂದು ಕೋಡುಬಳೆ ಮುರಿದರು. "ಹಿಡಿಯೋಣ ತಾಯಿ. ಹಿಡಿದ ದಿನದಿಂದ ನನ್ನನ್ನ ಈ ಬೀದಿಗೆ ಹಾಕಲ್ಲ, ಅದೇ ಯೋಚನೆ."

ಗಂಡಿನ ಕಡೆಯವರು

ಆಗೆಲ್ಲ ಹೆಣ್ಣು ನೋಡುವ ಮೊದಲು ಗಂಡಿನ ಕಡೆಯವರು ಗುಟ್ಟಾಗಿ ಯಾರನ್ನಾದರೂ ಕಳಿಸಿ ಅಕ್ಕಪಕ್ಕದಲ್ಲಿ ವಿಚಾರಿಸುತ್ತಿದ್ದರು. ಇಸ್ತ್ರಿ ಅಂಗಿ, ಕೈಯಲ್ಲೊಂದು ಬ್ಯಾಗು ಹಿಡಿದ ಮನುಷ್ಯನೊಬ್ಬ ನಲ್ಲಿಯ ಹತ್ತಿರ ಬಂದು, "ಆ ಎದುರುಮನೆಯವರು ಹೇಗೆ?" ಅಂದಾಗ ನಾವು ಸೀಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆವು. ಅಕ್ಕನ ಮಗಳಿಗೆ ಗಂಡು ಬಂತು!

"ತುಂಬಾ ಒಳ್ಳೇ ಜನ ಸಾರ್. ಹುಡುಗಿ ಟೈಪಿಂಗ್ ಹೇಳ್ಕೊಡ್ತಾಳೆ, ತಂದೆ ಫ್ಯಾಕ್ಟರೀಲಿ."

"ಮಧ್ಯಾಹ್ನ ಮನೇಲಿ ಯಾರಿರ್ತಾರೆ?"

"ತಾಯಿ ಇರ್ತಾರೆ. ದೈವಭಕ್ತೆ. ಶುಕ್ರವಾರ ಮಾತ್ರ ದೇವಸ್ಥಾನಕ್ಕೆ ಹೋಗಿ ನಿಧಾನವಾಗಿ ಬರ್ತಾರೆ."

"ಒಡವೆ ಗಿಡವೆ?"

"ಎಲ್ಲಾ ರೆಡಿ ಸಾರ್! ಬೀರುವಿನಲ್ಲೇ ಇದೆ. ಎಷ್ಟು ಸರಳ ಜನ ಅಂದ್ರೆ, ಬೀರುಗೆ ಬೀಗಾನೂ ಹಾಕಲ್ಲ."

ಅವನು ಶುಕ್ರವಾರದ ಹೊತ್ತನ್ನು ಇನ್ನೊಮ್ಮೆ ಕೇಳಿ ಹೋದ. ಶುಕ್ರವಾರವೇ ಬರುತ್ತಾರೆಂದು ನಾವು ಲೆಕ್ಕ ಹಾಕಿದೆವು. ಅಕ್ಕ ದೇವಸ್ಥಾನ ಬಿಟ್ಟರು, ಹುಡುಗಿ ರಜೆ ಹಾಕಿ ಸೀರೆ ಉಟ್ಟಳು. ನಾವೆಲ್ಲ ಅಕ್ಕನ ಅಡುಗೆಮನೆ ಸೇರಿ ಕೇಸರಿಬಾತು, ಬಜ್ಜಿ ಮಾಡಿದೆವು.

ಮಧ್ಯಾಹ್ನ ಹಿತ್ತಲ ಬಾಗಿಲು ಮೆಲ್ಲಗೆ ತೆರೆಯಿತು. ಅವನೇ! ಹಿಂದಿನಿಂದ ಬಂದದ್ದೂ ನಮಗೆ ತಪ್ಪಾಗಿ ಕಾಣಲಿಲ್ಲ. ಪಾಪ, ಸಂಕೋಚದ ಮನುಷ್ಯ ಎಂದುಕೊಂಡು, "ಬನ್ನಿ ಬನ್ನಿ" ಎಂದು ಸುತ್ತುವರಿದು ನಡುಮನೆಯಲ್ಲಿ ಕೂರಿಸಿ ತಟ್ಟೆ ಕೈಗಿತ್ತೆವು.

"ಉಡ್ಗ ನೀನೇ ಏನಪ್ಪಾ?" ಅಂದರು ಓನರ್ ಅಜ್ಜಿ. ಅವನು ಬಾಗಿಲ ಕಡೆ ನೋಡಿದ. ಅಲ್ಲಿ ನಮ್ಮತ್ತೆ ನಿಂತಿದ್ದರು. ಹೂಂ ಅಂದ.

"ಏನ್ ಕೆಲ್ಸ?"

"ಸ್ವಂತದ್ದು."

"ಶಿಫ್ಟಾ?"

"ಇಲ್ಲ ಅಜ್ಜಿ. ಮಧ್ಯಾಹ್ನ ಮಾತ್ರ."

ಅಜ್ಜಿ ಪಂಚಾಂಗ ತರಿಸಿಯೇಬಿಟ್ಟರು. ಅಷ್ಟರಲ್ಲಿ ಕಾನ್‌ಸ್ಟೆಬಲ್ ಕಾಫಿಗೆಂದು ಒಳಗೆ ಕಾಲಿಟ್ಟವರು ಹೊಸ್ತಿಲಲ್ಲೇ ನಿಂತರು. "ಲೇ, ನೀನಾ! ಹೋದ ವರ್ಷ ತಾನೇ ಜೈಲಿಂದ ಬಿಟ್ಟಿದ್ರಲ್ಲೋ?"

ಅಕ್ಕ ರೂಮಿಗೆ ಓಡಿ ಬೀರು ತೆರೆದರು. ಎಲ್ಲ ಇತ್ತು. ಒಡವೆಯ ಡಬ್ಬಿಯನ್ನು ಎದೆಗವುಚಿಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು.

ಓನರ್ ಅಜ್ಜಿ ಮಾತ್ರ ಪಂಚಾಂಗದಿಂದ ತಲೆ ಎತ್ತಲಿಲ್ಲ. "ಕಳ್ಳ ಆದ್ರೇನೀಗ? ಮದ್ವೆ ಆದ್ಮೇಲೆ ಎಲ್ಲಾ ಸರಿಓಯ್ತಾನೆ ಬುಡ್ರವ್ವಾ."

ಕಳ್ಳ ತಟ್ಟೆ ಕೆಳಗಿಟ್ಟು, ಎರಡೂ ಕೈ ಕಾನ್‌ಸ್ಟೆಬಲ್ ಮುಂದೆ ಚಾಚಿದ. "ಸಾರ್, ಬೇಗ ಕರ್ಕೊಂಡೋಗಿ ಸಾರ್!"