ಏಡಿಮರಿ ಹತ್ತಿದ ಬಸ್ಸು

ಓದಿದವರಿಗೆ ಮುಖಭಂಗ ಆಗುತ್ತಲೇ ಇರುತ್ತದೆ. ನನಗೆ ಅದು ಕಂತು ಕಂತಾಗಿ ಆಯಿತು, ಅದೂ ಒಬ್ಬರಿಂದಲೇ. ಎಪ್ಪತ್ತರ ದಶಕದ ಕೊನೆಗೆ ನಾನು ಮಣಿಪಾಲದಲ್ಲಿ ಬಾಡಿಗೆ ಕೋಣೆ ಹಿಡಿದು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುತ್ತ, ಡಾಕ್ಟರೇಟಿಗೆಂದು ಏಡಿಮರಿಗಳ ಬೆನ್ನು ಬಿದ್ದಿದ್ದೆ. ರವೆಕಾಳಿನಷ್ಟಿರುವ ಈ ಮರಿಗಳು ಕಡಲಿನಿಂದ ಹೊಳೆಯೊಳಗೆ ಹೇಗೆ ಬರುತ್ತವೆ ಎಂಬುದು ನನ್ನ ವಿಷಯ. ಭಾನುವಾರ ಕಾಪುವಿನ ಅಜ್ಜರೊಬ್ಬರು ತಮ್ಮ ದೋಣಿಯಲ್ಲಿ ನನ್ನನ್ನು ಕರೆದೊಯ್ಯುತ್ತಿದ್ದರು.

ಬಾಟಲಿ

ನೀರು ಎಳೆದತ್ತ ಮರಿ ಹೋಗುತ್ತದೆ ಎಂದು ನಾನು ನಂಬಿದ್ದೆ. ನೀರಿನ ದಾರಿ ತಿಳಿಯಲು ಇಪ್ಪತ್ತು ಖಾಲಿ ಬಾಟಲಿಗಳಲ್ಲಿ ನನ್ನ ವಿಳಾಸದ ಪೋಸ್ಟ್‌ಕಾರ್ಡ್ ಹಾಕಿ, ಬಿರಡೆ ಬಿಗಿದು, ತೇಲಿಬಿಟ್ಟೆ. ಸಿಕ್ಕಿದವರು ಊರಿನ ಹೆಸರು ಬರೆದು ಅಂಚೆಗೆ ಹಾಕಬೇಕು. ಒಂದೇ ಕಾರ್ಡು ಬಂತು, ಎರ್ಮಾಳಿನಿಂದ: "ಬಾಟಲಿ ಎಣ್ಣೆಗೆ ಚಂದ ಉಂಟು. ಇನ್ನೆರಡು ಬಿಡಿ."

ಓದಿ ಹೇಳಿದರೆ ಅಜ್ಜರು ನಗಲಿಲ್ಲ. "ಬಾಟಲಿಗೆ ಕಾಲುಂಟಾ ಮಾಸ್ಟ್ರೇ? ಏಡಿಮರಿಗೆ ಉಂಟಲ್ವಾ? ಅದು ಈಜುತ್ತದೆ."

ಬೋರ್ಡು

"ಅಷ್ಟು ಸಣ್ಣದು ನೀರಿಗೆ ಎದುರು ಈಜುವುದಾ ಅಜ್ಜ?"

"ಎದುರು ಎಂತಕ್ಕೆ? ಮನೆಗೆ ಹೋಗುವಾಗ ನೀವು ಬಸ್ಸು ದೂಡುತ್ತೀರಾ? ಉಡುಪಿ ಬಸ್ಸು ಬಂದರೆ ಹತ್ತುತ್ತೀರಿ, ಮಂಗಳೂರು ಬಸ್ಸು ಬಂದರೆ ಬದಿಗೆ ನಿಲ್ಲುತ್ತೀರಿ. ನೀರು ಏರಿ ಹೊಳೆಗೆ ನುಗ್ಗುವಾಗ ಮರಿ ಮೇಲೆ ಬರುತ್ತದೆ. ಇಳಿಯುವಾಗ ತಳದಲ್ಲಿ ಕೂತುಕೊಳ್ಳುತ್ತದೆ. ಇಳಿತದಲ್ಲಿ ಬಲೆಗೆ ಕಲ್ಲು ಕಟ್ಟಿ ಕೆಳಗೆ ಬಿಟ್ಟು ನೋಡಿ."

"ಮರಿಗೆ ಬಸ್ಸಿನ ಬೋರ್ಡು ಓದಲು ಬರುತ್ತದಾ?" ಎಂದು ನಾನು ಬಿದ್ದು ಬಿದ್ದು ನಕ್ಕೆ. ಬಲೆ ಕೆಳಗೆ ಬಿಡಲಿಲ್ಲ.

ಅದೇ ಗುಂಗಿನಲ್ಲಿ ಸಂಜೆ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಹತ್ತಿರ ಬರುವಾಗ ಎರ್ಮಾಳ್ ದಾಟಿತ್ತು. "ಮಣಿಪಾಲಕ್ಕಾ? ಇದು ಮಂಗಳೂರಿಗೆ ಮಾರಾಯ್ರೆ! ಬೋರ್ಡು ಓದಲು ಬರುವುದಿಲ್ವಾ?"

ಮುಂದಿನ ವಾರ ಇದನ್ನು ಹೇಳಿದಾಗ ಅಜ್ಜರು ಹುಟ್ಟು ಕೆಳಗಿಟ್ಟು ನಕ್ಕರು.

ಇಲ್ಲ ಸರ್

ಮೂರು ವರ್ಷದ ಬರಹ ಹೊತ್ತು ಪರೀಕ್ಷಕರ ಮುಂದೆ ಕೂತೆ.

"ಇಳಿತದಲ್ಲಿ ತಳದ ನೀರು ಸೋಸಿ ನೋಡಿದ್ದೀರಾ?"

"ಇಲ್ಲ ಸರ್."

"ನೋಡಬೇಕೆಂದು ಯಾರೂ ಹೇಳಲಿಲ್ಲವೇ?"

"ಇಲ್ಲ ಸರ್."

ಬರಹ ವಾಪಸು ಬಂತು. ಎರಡು ಉತ್ತರಗಳಲ್ಲಿ ಮೊದಲನೆಯದು ಮಾತ್ರ ನಿಜವಾಗಿತ್ತು.

ತಡ

ಅಜ್ಜರಿಗೆ ಮುಖ ತೋರಿಸಲಾಗದೆ ಬೇರೆಯವರ ದೋಣಿ ಹಿಡಿದು, ಬಲೆಗೆ ಕಲ್ಲು ಕಟ್ಟಿದೆ. ಇಳಿತದಲ್ಲಿ ತಳದ ಬಲೆ ತುಂಬಿ ಬಂತು. ಡಾಕ್ಟರೇಟೂ ಬಂತು. ಪ್ರಬಂಧದಲ್ಲಿ ಟೈಪು ಮಾಡಿದವರಿಗೂ ಕೃತಜ್ಞತೆ ಬರೆದೆ, ಅಜ್ಜರ ಹೆಸರು ಬರೆಯಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಕಾರ್ಕಳಕ್ಕೆ ವರ್ಗವಾದ ಎಷ್ಟೋ ದಿನಗಳ ಮೇಲೆ, ತಪ್ಪೊಪ್ಪಿಕೊಳ್ಳೋಣವೆಂದು ಪ್ರಬಂಧದ ಪುಸ್ತಕ ಹಿಡಿದು ಕಾಪುವಿಗೆ ಹೋದೆ. ಅಜ್ಜರು ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು.

"ಅವರಿಗೆ ನನ್ನ ಮೇಲೆ ಸಿಟ್ಟಿತ್ತಾ ಅಮ್ಮ?"

"ಎಂತ ಸಿಟ್ಟು? ಪ್ರತಿ ಭಾನುವಾರ ದೋಣಿಯ ಹತ್ತಿರ ಕಾದು ಬಂದು ಹೇಳುತ್ತಿದ್ದರು, 'ಮಾಸ್ಟ್ರು ಬರುತ್ತಾರೆ. ತಪ್ಪು ಬಸ್ಸು ಹತ್ತಿರಬೇಕು.'"