ಬೋಟಿಗೆ ಎಮ್ಮಿ ಗಂಟು

ಎರಿ ಮಣ್ಣಿನ ಹೊಲದ ಮಂದಿ ನೀರಿಗಿಳಿದರೆ ನಗುವ ಸಂಗತಿ ಹುಡುಕಬೇಕಾಗಿಲ್ಲ, ಅದೇ ಈಜಿಕೊಂಡು ಬಂದು ಬೋಟು ಹತ್ತುತ್ತದೆ.

ನಮ್ಮದು ನವಲಗುಂದ ಕಡೆಯ ಹಳ್ಳಿ. ಹೊಲಕ್ಕೆ ಕಾಲುವೆ ನೀರು, ಅದೂ ಪಾಳಿ ಬಂದಾಗ. ಮೇಲೆ ಗೇಟು ಬಂದ್ ಮಾಡಿದರೆ ಕೆಳಗೆ ಒಣ. ನಮ್ಮ ಕಾಕಾ ಟ್ರ್ಯಾಕ್ಟರ್ ರಿಪೇರಿಯವ, ಆದರೆ ಮದುವೆಯಾಗಿದ್ದು ಹೊನ್ನಾವರದ ಬೋಟಿನವರ ಮಗಳನ್ನು. "ಘಟ್ಟದ ಮೇಲಿನವ್ರಿಗೆ ನೀರು ಅಂದ್ರೆ ಕೊಡದಲ್ಲಿ ಇರೂದು" ಎಂದು ಅವನ ಮಾವ ಸದಾ ಕಾಡುತ್ತಿದ್ದರು. ಕಡೆಗೊಮ್ಮೆ ಕಾರವಾರದಲ್ಲಿ ರಿಪೇರಿಗೆ ಬಿಟ್ಟಿದ್ದ ತಮ್ಮ ಸಣ್ಣ ಬೋಟಿನ ಚಾವಿ ಕೊಟ್ಟರು.

"ದಂಡೆ ಹಿಡಿದು, ಬಂದರು ಬಂದರು ನಿಲ್ಲಿಸ್ತಾ ಹೊನ್ನಾವರಕ್ಕೆ ತಗಂಡು ಬನ್ನಿ. ನೆಟ್ಟಗೆ ಬಂದ್ರೆ ಬೋಟು ನಿಮ್ದು. ಇಲ್ಲಾಂದ್ರೆ ಟ್ರ್ಯಾಕ್ಟರೇ ನಿಮ್ಗೆ ಸಮ."

ಓಡಿಸುವುದನ್ನು ಕಾಕಾ ಕಾರವಾರದಲ್ಲಿ ಕಲಿತ. ನಿಲ್ಲಿಸುವುದನ್ನು ಯಾರೂ ಕಲಿಸಲಿಲ್ಲ. ಹತ್ತನೇ ಇಯತ್ತೆ ನಾಪಾಸಾಗಿ ಖಾಲಿ ಇದ್ದ ನಾನು ಜೋಡಿಗೆ ಹೋದೆ.

ಲಂಗರು

ಮೊದಲ ನಿಲುಗಡೆ ಬೇಲೆಕೇರಿ. "ಲಂಗರ ಒಗೀಲೇ" ಎಂದ ಕಾಕಾ. ಒಗೆದೆ. ಹಗ್ಗ ಸರಸರ ಹೋಯಿತು, ಅದರ ಹಿಂದೆ ಹಗ್ಗದ ತುದಿಯೂ ಹೋಯಿತು.

"ಈ ಕಡೆ ತುದಿ ಬೋಟಿಗೆ ಕಟ್ಟಿದ್ದಿಲ್ಲೇನಲೇ?"

"ನೀ ಒಗಿ ಅಂದಿ. ಕಟ್ಟು ಅಂದ್ಯಾ?"

ಬೋಟಿನಲ್ಲಿ ಭಾರದ ಸಾಮಾನು ಒಂದೇ ಉಳಿದಿತ್ತು, ಬೀಗತಿಗೆ ಕೊಡಲಿಕ್ಕೆ ನಮ್ಮ ಅಜ್ಜಿ ಕಳಿಸಿದ್ದ ಬೀಸುಕಲ್ಲು. ಮೇಲಿನ ಕಲ್ಲಿಗೆ ನಡುವೆ ತೂತು ಇದ್ದೇ ಇರುತ್ತದೆ. ಇನ್ನೊಂದು ಹಗ್ಗ ಪೋಣಿಸಿ ಇಳಿಬಿಟ್ಟೆವು. ಬೋಟು ಗಪ್ಪನೆ ನಿಂತಿತು. ಮುಂಜಾನೆ ಎತ್ತಿದರೆ ಕಲ್ಲಿನ ಮೇಲೆ ಒಂದು ಏಡಿ ಕೂತಿತ್ತು.

"ಅತ್ತಿಯಾರಿಗೆ ಏನ ಹೇಳೂದೋ ಈಗ?"

"ಇದರಾಗ ಬೀಸಿದ ಹಿಟ್ಟಿಗೆ ಉಪ್ಪ ಹಾಕಬ್ಯಾಡ್ರಿ ಅಂತ ಹೇಳು."

ಬ್ರೇಕು

ಗೋಕರ್ಣದ ಹತ್ತಿರ ಒಂದು ಬಂಡೆ ಎದುರಾಯಿತು. ಕಾಕಾ ಟ್ರ್ಯಾಕ್ಟರ್ ರೂಢಿಯಲ್ಲಿ ಎರಡೂ ಕಾಲಿನಿಂದ ಗಟ್ಟಿಯಾಗಿ ಒತ್ತಿದ. ಬೋಟು ನಿಲ್ಲಲಿಲ್ಲ, ಬಂಡೆಯೇ ಹೇಗೋ ಬಾಜುವಿನಿಂದ ಹೋಯಿತು. ಕಾಲ ಕೆಳಗಿದ್ದದ್ದು ರೊಟ್ಟಿಯ ಗಂಟು. ಅಲ್ಲಿಂದ ಮುಂದೆ ನಾವು ರೊಟ್ಟಿಯನ್ನು ಚಮಚದಲ್ಲಿ ತಿಂದೆವು.

ನಮ್ಮೂರ ಬಂದರು

ತದಡಿಯಲ್ಲಿ ಕಟ್ಟಲು ಜಾಗ ಇರಲಿಲ್ಲ, ಬಾಜು ನಿಂತ ಮೀನು ಬೋಟಿಗೆ ನಮ್ಮದನ್ನು ಕಟ್ಟಿದೆವು. ಅದರ ಮುದುಕ ಕೇಳಿದ, "ಯಾವ ಬಂದ್ರಪ್ಪಾ ನಿಮ್ದು?"

"ನವಲಗುಂದ ಬಂದರರಿ" ಎಂದೆ. ಕಾಕಾ ಚಿವುಟಿದ.

"ಕೇಳಿಲ್ವಲ್ಲ. ಆಳ ಎಷ್ಟುಂಟು?"

"ಮಳಿಗಾಲದಾಗ ಮೊಣಕಾಲಮಟರಿ. ಆದರ ತಳದ ಮಣ್ಣು ಭಾಳ ಕೆಟ್ಟ. ಒಳಗ ಸಿಕ್ಕ ಲಾರಿ ಹೊರಗ ಬಂದಿಲ್ಲ."

ಮುದುಕ ಯೋಚಿಸಿ ಹೇಳಿದ, "ಲಾರಿಯವ್ರೂ ಬಂದ್ರು ಬಿಟ್ಟು ರಸ್ತೆ ಮೇಲೆ ಹೋಗೂಕೆ ಕಲೀಬೇಕು."

ಪಾಳಿ

ಹೊನ್ನಾವರ ಮುಟ್ಟಿದಾಗ ನೀರು ಬಂದರಿನ ಕಟ್ಟೆಯ ಅಂಚಿನವರೆಗೆ ತುಂಬಿತ್ತು. ಮಾವ ಕಟ್ಟೆಯ ಮೇಲೇ ನಿಂತಿದ್ದರು. ಬೋಟಿಗೆ ಒಂದು ಗೀರು ಸಹ ಇಲ್ಲ. ಕಾಕಾ ಅಗದಿ ಜಂಬದಿಂದ ಹಿಂದೆ ಮುಂದೆ ಗಿಡ್ಡ ಹಗ್ಗ ಹಾಕಿ ಎಮ್ಮಿ ಗಂಟು ಬಿಗಿದ.

"ಹಗ್ಗ ಸಡ್ಲ ಬಿಡಿ ಅಳಿಯಂದ್ರೆ."

"ಇರಲಿ ಬಿಡ್ರಿ ಮಾವಾರ. ಹರಕೊಂಡ ಹೋಗೂ ಎಮ್ಮಿ ಕಟ್ಟಿದ ಕೈ ಇದು."

ಉಂಡು, ಒಂದು ನಿದ್ದೆ ತೆಗೆದು ಬಂದು ನೋಡಿದರೆ ಬೋಟು ಹಗ್ಗಕ್ಕೆ ಜೋತುಬಿದ್ದು ಗಾಳಿಯಲ್ಲಿ ತೂಗುತ್ತಿತ್ತು. ಕೆಳಗೆ ಬರೀ ಕೆಸರು. ಸಮುದ್ರಕ್ಕೂ ಏರಿಳಿತ ಇದೆಯೆಂದು ನಮಗೆ ಯಾರು ಹೇಳಿದ್ದರು?

"ಬೋಟು ಒಣಗ್ಸೂಕೆ ಹಾಕೀರೇನು?" ಎಂದರು ಮಾವ.

ಬಂದ ಬೋಟು ಕೈಬಿಟ್ಟಿತೆಂದು ಕಾಕಾನ ಮುಖ ಬಾಡಿತು. ಆದರೆ ಅವನ ಸಿಟ್ಟು ಬೇರೆ ಕಡೆ ಇತ್ತು.

"ಏನ್ರಿ ಮಾವಾರ, ಗೇಟ್ ಬಂದ್ ಮಾಡೂ ಮುಂದ ಒಂದ ಮಾತ ಹೇಳಬಾರದ? ನಮ್ಮ ಕಾಲುವಿ ಗೇಟಿನವನೂ ಮೊದಲ ಹೇಳಿ ಕಳಸ್ತಾನ."

ಮಾವ ಟವೆಲ್ಲು ಕಚ್ಚಿಕೊಂಡರು. ಆಮೇಲೆ ಮೊಬೈಲು ಕಿವಿಗಿಟ್ಟು ಗಂಭೀರವಾಗಿ ಹೇಳಿದರು, "ಹಲೋ, ಗೇಟಿನವ್ರಾ? ಅಳಿಯನ ಬೋಟು ಉಂಟು, ಸಂಜೆಗೆ ಸಮುದ್ರ ಬಿಡಿ."

ಮೊಬೈಲು ಉಲ್ಟಾ ಹಿಡಿದಿದ್ದರು. ಅದನ್ನು ನಾನೊಬ್ಬನೇ ನೋಡಿದೆ.

ಸಂಜೆ ನೀರು ಬಂತು. ಬೋಟು ಮೆಲ್ಲಗೆ ತೇಲಿತು, ಏನೂ ಆಗಿರಲಿಲ್ಲ. ಮಾವ ಚಾವಿ ಕಾಕಾನ ಕೈಯಲ್ಲೇ ಇಟ್ಟರು. "ನಿಮ್ಮದೇ ಇರ್ಲಿ. ಇಷ್ಟು ವರ್ಷ ಈ ಬೋಟು ಮೀನು ಕೊಟ್ಟಿತ್ತು, ನಗು ಕೊಟ್ಟಿರ್ಲಿಲ್ಲ."

ಕಾಕಾ ಊರಿಗೆ ಬಂದು ಮಾವನ ದೊಡ್ಡಸ್ತಿಕೆ ಹೇಳಿದ್ದೇ ಹೇಳಿದ್ದು. ಮರುದಿನ ಕಾಲುವೆಯ ತುದಿ ಹೊಲದವರು ನಮ್ಮ ಕಟ್ಟೆಗೆ ಬಂದು ಕೂತರು.

"ನಿಮ್ಮ ಮಾವಾರ ನಂಬರ ಕೊಡಪಾ. ಸಮುದ್ರಾನ ಬಿಡಸ್ಯಾರಂದ್ರ ನಮ್ಮ ಕಾಲುವಿ ಯಾವ ಲೆಕ್ಕ?"