ಪ್ರಾಗಿನಲ್ಲಿ ಭಾವನ ಬೂಟು

ಅಂದು ಬಿಸಿಲಿತ್ತು ಎಂದು ನನ್ನ ನೆನಪು. ಜೊತೆಗಿದ್ದ ಹೊಸನಗರದ ಶಂಕರಪ್ಪ ಮಳೆ ಹನಿಯುತ್ತಿತ್ತು ಎನ್ನುತ್ತಾನೆ. ಸಾಗರದಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನನ್ನ ನೆನಪನ್ನು ನಾನೇ ನಂಬುವುದು ಬಿಟ್ಟಿದ್ದೇನೆ.

ಅರವತ್ತರ ದಶಕದ ಮಾತು. ಕಾರ್ಗಲ್ಲಿನ ವಿದ್ಯುತ್ ಕೆಲಸದಲ್ಲಿದ್ದ ನಮ್ಮಿಬ್ಬರನ್ನು ಪ್ರಾಗ್ ಹತ್ತಿರದ ಕಾರ್ಖಾನೆಯೊಂದಕ್ಕೆ ತರಬೇತಿಗೆ ಕಳಿಸಿದ್ದರು. ನನ್ನ ಬಳಿ ಬೂಟಿರಲಿಲ್ಲ. ತೀರ್ಥಹಳ್ಳಿಯಲ್ಲಿದ್ದ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ತನ್ನ ಹೊಸ ಕಪ್ಪು ಬೂಟು ಕೊಟ್ಟ. "ಭಾವ, ಬಂದ ಕೂಡ್ಲೇ ವಾಪಸ್ ಕೊಡಿ. ನಂಗೆ ಇಂಟರ್‌ವ್ಯೂ ಉಂಟು" ಎಂದ.

ಊರಿಗೆ ಹೊರಡುವ ಮುನ್ನ ಒಂದು ಭಾನುವಾರ ರಜೆ ಸಿಕ್ಕಿತು. ಹಳೇ ಪಟ್ಟಣವನ್ನೂ ಎರಡು ವಸ್ತುಸಂಗ್ರಹಾಲಯಗಳನ್ನೂ ಶಾಸ್ತ್ರೋಕ್ತವಾಗಿ ನೋಡಿ ಮುಗಿಸುವುದೆಂದು ಪಟ್ಟಿ ಮಾಡಿದೆ. ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲವೇ!

ಮೊದಲು ಹಳೆಯ ಚರ್ಚು. ಶಂಕರಪ್ಪ ಚೌಕದ ಗಡಿಯಾರ ನೋಡುತ್ತ ಹೊರಗೇ ಉಳಿದ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದಂದಿನಿಂದ ನಾನು ಯಾವ ದೇವಸ್ಥಾನದ ಮೆಟ್ಟಿಲನ್ನೂ ಹತ್ತಿರಲಿಲ್ಲ. ಇಲ್ಲಿ ಕಲ್ಲಿನ ಮೆಟ್ಟಿಲು, ಎತ್ತರದ ಬಾಗಿಲು, ಒಳಗೆ ಉರಿಯುವ ದೀಪ ಕಂಡದ್ದೇ ತಡ, ಬೂಟು ಕಳಚಿಟ್ಟು ಒಳಗೆ ಹೋಗಿಬಿಟ್ಟೆ. ಯೋಚಿಸಿ ಮಾಡಿದ್ದಲ್ಲ. ತಲೆ ಪದವಿ ಪಡೆದಿತ್ತು. ಕಾಲು ಪಡೆದಿರಲಿಲ್ಲ.

ಹೊರಗೆ ಬಂದಾಗ ಮೆಟ್ಟಿಲು ಖಾಲಿ.

"ಎಂಥ ಮಾರಾಯ, ಚರ್ಚಿಗೆ ಯಾರಾದ್ರೂ ಬೂಟು ಬಿಚ್ತಾರಾ?" ಎಂದ ಶಂಕರಪ್ಪ. "ದೇವರೇ ಇಲ್ಲ ಅಂತಿದ್ದೆ?"

"ಈಗ್ಲೂ ಇಲ್ಲ ಅಂತೀನಿ. ಬೂಟು ಮಾತ್ರ ಇತ್ತು."

ಭಾನುವಾರವಾದ್ದರಿಂದ ಅಂಗಡಿಗಳು ಮುಚ್ಚಿದ್ದವು. ಹಳೇ ಪಟ್ಟಣದ ಉರುಟು ಕಲ್ಲಿನ ಬೀದಿಗಳನ್ನೆಲ್ಲ ಕಾಲುಚೀಲದಲ್ಲೇ ತುಳಿದೆ. ಅಲ್ಲಿನ ಒಂದು ಗೋಪುರವೂ ನೆನಪಿಲ್ಲ, ಕಲ್ಲುಗಳು ಒಂದೊಂದೂ ನೆನಪಿವೆ.

ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಒಂದು ಬುಟ್ಟಿ ತುಂಬ ಮೆತ್ತನೆಯ ಉಣ್ಣೆಯ ಚಪ್ಪಲಿಗಳಿದ್ದವು. ಮರದ ನೆಲ ಗೀರಬಾರದೆಂದು ಅವನ್ನು ಬೂಟಿನ ಮೇಲೆ ಹಾಕಿಕೊಳ್ಳಬೇಕಂತೆ. ನಾನು ಕಾಲುಚೀಲದ ಮೇಲೇ ಹಾಕಿಕೊಂಡೆ. ಯುರೋಪಿನ ನಾಗರಿಕತೆಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ. ಒಂದೇ ಕೋಣೆಯನ್ನು ಮೂರು ಸುತ್ತು ಹಾಕಿದೆ. ಆಮೇಲೆ ಅದೇ ಗೌರವದಲ್ಲಿ ಚಪ್ಪಲಿಯೊಂದಿಗೆ ಹೊರಗೂ ನಡೆದೆ.

ಕಾವಲುಗಾರ ಚೌಕದವರೆಗೂ ಓಡಿ ಬಂದ. ಅವನು ಚಪ್ಪಲಿ ತೋರಿಸಿದ, ನಾನು ಕಾಲು ತೋರಿಸಿದೆ. ಜನ ಸೇರಿದರು. ಶಂಕರಪ್ಪ ನನ್ನ ಗುರುತೇ ಇಲ್ಲದವನಂತೆ ಮತ್ತೆ ಗಡಿಯಾರ ನೋಡತೊಡಗಿದ. ಎರಡನೇ ವಸ್ತುಸಂಗ್ರಹಾಲಯವನ್ನು ಪಟ್ಟಿಯಿಂದ ಹೊಡೆದುಹಾಕಿದೆವು.

ಕಾರ್ಖಾನೆಯವರು ಕರುಣೆಯಿಂದ ಕೊಟ್ಟ, ಮೊಣಕಾಲೆತ್ತರದ ರಬ್ಬರ್ ಬೂಟಿನಲ್ಲಿ ಸಾಗರದ ಸ್ಟೇಷನ್ನಿನಲ್ಲಿ ಇಳಿದೆ. ಹೆಂಡತಿ ನನ್ನ ಮುಖಕ್ಕಿಂತ ಮೊದಲು ಕಾಲು ನೋಡಿದಳು.

"ಅಣ್ಣನ ಬೂಟು ಎಲ್ರೀ?"

"ಕಳ್ಳರು ಹೊಡೆದ್ರು."

"ಅಲ್ಲೂ ಕಳ್ಳರಿದಾರಾ?"

"ಇಲ್ಲಿಗಿಂತ ಹೆಚ್ಚು" ಎಂದೆ, ದೇಶ ಸುತ್ತಿ ಬಂದವನ ಗಾಂಭೀರ್ಯದಿಂದ.

ಬೇರೆ ದಾರಿಯಿಲ್ಲದೆ ಭಾವ ಗುಮಾಸ್ತನ ಕೆಲಸದ ಸಂದರ್ಶನಕ್ಕೆ ಆ ರಬ್ಬರ್ ಬೂಟಿನಲ್ಲೇ ಹೋದ. ಸಾಹೇಬರು ಅವನ ಅಂಕಪಟ್ಟಿ ಬಿಟ್ಟು ಕಾಲನ್ನೇ ನೋಡಿ, ಹೊಳೆಗಿಳಿದು ನೀರಿನ ಮಟ್ಟ ಅಳೆಯುವ ಕೆಲಸ ಇದೆ, ಆಗ್ತದಾ ಎಂದು ಕೇಳಿದರಂತೆ. ನಿವೃತ್ತಿಯಾಗುವವರೆಗೂ ಅದನ್ನೇ ಅಳೆದ. ಇವತ್ತಿಗೂ ಹೊಳೆ ಕಂಡಾಗೆಲ್ಲ ಪ್ರಾಗಿನ ಕಳ್ಳರಿಗೆ ಶಾಪ ಹಾಕುತ್ತಾನೆ. ನಾನೂ ಹೌದೌದು ಎನ್ನುತ್ತೇನೆ.

ಮರುವರ್ಷ ಶಂಕರಪ್ಪನನ್ನು ಮತ್ತೆ ಅಲ್ಲಿಗೆ ಕಳಿಸಿದಾಗ, ಚರ್ಚಿನಲ್ಲಿ ವಿಚಾರಿಸಿ ಬಾ ಎಂದಿದ್ದೆ. ಈ ಇಡೀ ಕಥೆಯಲ್ಲಿ ನಾನು ಖಚಿತಪಡಿಸಿಕೊಂಡದ್ದು ಅದೊಂದೇ: ಬೂಟು ಮೆಟ್ಟಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬಾಗಿಲ ಹಿಂದೆ ಇತ್ತು. ಯಾರಾದರೂ ಕದ್ದಾರು ಎಂದು ಕಸ ಗುಡಿಸುವ ಅಜ್ಜಿ ಅವತ್ತೇ ಒಳಗೆ ತೆಗೆದಿಟ್ಟಿದ್ದಳು.